ಮದ್ದು ಹಚ್ಚೋಕೆ ಮೊದಲು ಗಾಯ ಮಾಡಬೇಕಲ್ಲ

ಗಾಯ ಬೇಗ ಮಾಯಿಸುವ ಹೊಸ ಜೆಲ್ ಒಂದನ್ನು ಮೊದಲ ಸಲ ಮನುಷ್ಯರಿಗೆ ಹಚ್ಚಿ ನೋಡಬೇಕು ಅಂದರೆ, ಯಾರ ಗಾಯಕ್ಕೆ ಹಚ್ಚುವುದು? ಔಷಧಿ ಬೇಕಿರುವುದು ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ. ಆದರೆ ಒಬ್ಬರ ಹುಣ್ಣು ಇನ್ನೊಬ್ಬರ ಹುಣ್ಣಿನ ಹಾಗಿರುವುದಿಲ್ಲ. ಒಬ್ಬರಿಗೆ ರಕ್ತ ಸಂಚಾರ ಕಮ್ಮಿ, ಇನ್ನೊಬ್ಬರಿಗೆ ಸೋಂಕು. ಏನಾದರೂ ಎಡವಟ್ಟಾದರೆ ಅದು ಔಷಧಿಯಿಂದಲೋ ಕಾಯಿಲೆಯಿಂದಲೋ ಹೇಳುವುದು ಕಷ್ಟ. ಅದಕ್ಕೇ ಮೊದಲು ಆರೋಗ್ಯವಂತರು. ಅವರಿಗೆ ಗಾಯವೇ ಇಲ್ಲವಾದ್ದರಿಂದ ಅದನ್ನೂ ನಾವೇ ಮಾಡಬೇಕು.

ನಾನು ಬೆಂಗಳೂರಿನಲ್ಲಿ ಚರ್ಮರೋಗ ವೈದ್ಯ. ಜೆಲ್ ಯಾವುದು, ಯಾರದ್ದು ಅಂತ ಬರೆಯುವ ಹಾಗಿಲ್ಲ, ಸಹಿ ಹಾಕಿ ಕೊಟ್ಟಿದ್ದೇನೆ. ಹೇಗೆ ಮಾಡಿದೆವು ಅನ್ನುವುದನ್ನು ಹೇಳಬಹುದು.

ಗಾಯ ಮಾಡುವುದಕ್ಕೆ ಹಲವು ದಾರಿಗಳಿವೆ. ಬ್ಲೇಡಿನಿಂದ ಗೀರಬಹುದು, ಬಯಾಪ್ಸಿ ಪಂಚ್‌ನಿಂದ ದುಂಡಗೆ ತುಂಡು ತೆಗೆಯಬಹುದು. ಎರಡರಲ್ಲೂ ಕಲೆ ಉಳಿಯುತ್ತದೆ. ನಾವು ಆರಿಸಿಕೊಂಡದ್ದು ಸಕ್ಷನ್ ಬ್ಲಿಸ್ಟರ್, ಅಂದರೆ ಗಾಳಿ ಎಳೆದು ನೀರುಗುಳ್ಳೆ ಎಬ್ಬಿಸುವುದು. 1960ರ ದಶಕದಲ್ಲಿ ಫಿನ್ಲೆಂಡಿನ ಕೀಸ್ಟಾಲಾ ಎಂಬವರು ಈ ವಿಧಾನವನ್ನು ಚೆನ್ನಾಗಿ ಪಳಗಿಸಿದರು. ನಮ್ಮ ದೇಶದ ಚರ್ಮವೈದ್ಯರಿಗೆ ಇದು ಹೊಸದಲ್ಲ. ತೊನ್ನಿನ ಕಲೆಗೆ ಚರ್ಮ ಕಸಿ ಮಾಡುವಾಗ ತೊಡೆಯ ಮೇಲೆ ಹೀಗೇ ಗುಳ್ಳೆ ಎಬ್ಬಿಸಿ, ಅದರ ಮೇಲ್ಪದರ ಕತ್ತರಿಸಿ ತೆಗೆದು ಕಲೆಯ ಮೇಲೆ ಕೂರಿಸುತ್ತೇವೆ. ಸಲಕರಣೆ ಅಂತ ದೊಡ್ಡದೇನಿಲ್ಲ: ಪಿಸ್ಟನ್ ತೆಗೆದ 10 ಎಂಎಲ್ ಸಿರಿಂಜು, ಅಂಚಿಗೆ ಒಂಚೂರು ವ್ಯಾಸಲೀನ್, ಗಾಳಿಯ ದಾರಿ ತೆರೆದು ಮುಚ್ಚುವ ತ್ರೀ-ವೇ ಅನ್ನುವ ಪುಟ್ಟ ನಲ್ಲಿ, ಗಾಳಿ ಎಳೆಯಲು 50 ಎಂಎಲ್ ಸಿರಿಂಜು. ಒಂದೂವರೆ ಎರಡು ಗಂಟೆ ಕಾದರೆ ಮೊದಲು ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ಕಾಣಿಸಿಕೊಂಡು, ಒಂದಕ್ಕೊಂದು ಸೇರಿ ಒಂದೇ ಗುಳ್ಳೆಯಾಗುತ್ತದೆ. ಚರ್ಮದ ಮೇಲ್ಪದರವಷ್ಟೇ ಏಳುತ್ತದೆ, ಒಳಪದರಕ್ಕೆ ಏನೂ ಆಗುವುದಿಲ್ಲ.

ಕಸಿಗೆ ಸಾಕಾಗುವ ಈ ಕೈಚಳಕ ಪ್ರಯೋಗಕ್ಕೆ ಸಾಲದು. ಸಿರಿಂಜಿನಲ್ಲಿ ಎಳೆದಾಗ ಒತ್ತಡ ಎಷ್ಟಿದೆ ಅಂತ ಗೊತ್ತಾಗುವುದಿಲ್ಲ, ನಿಧಾನಕ್ಕೆ ಸೋರಿಯೂ ಹೋಗುತ್ತದೆ. ಹೆಚ್ಚು ಎಳೆದರೆ ಗುಳ್ಳೆಯೊಳಗೆ ರಕ್ತ ಇಳಿಯುತ್ತದೆ. ಎಡತೊಡೆಯ ಗಾಯ, ಬಲತೊಡೆಯ ಗಾಯ ಅವಳಿಜವಳಿಯ ಹಾಗಿರಬೇಕು. ಇಲ್ಲದಿದ್ದರೆ ನಾವು ಅಳೆಯುವುದು ಔಷಧಿಯನ್ನಲ್ಲ, ನಮ್ಮ ಕೈಯನ್ನು. ಹಾಗಾಗಿ ಮೀಟರ್ ಇರುವ ಪಂಪ್ ತರಿಸಿ, 300 ಮಿಲಿಮೀಟರ್ ಪಾದರಸದ ಆಸುಪಾಸಿಗೆ ಒತ್ತಡ ನಿಲ್ಲಿಸಿ, ಎರಡೂ ತೊಡೆಗೆ ಒಂದೇ ಅಳತೆಯ ಬಟ್ಟಲು ಕೂರಿಸಿದೆವು. ತೊಡೆ ಯಾಕೆಂದರೆ ಬಟ್ಟೆಯಲ್ಲಿ ಮುಚ್ಚುತ್ತದೆ. ಕಲೆ ಉಳಿಯದಿದ್ದರೂ ನಮ್ಮ ಮೈಬಣ್ಣದಲ್ಲಿ ಗಾಯ ಮಾಯ್ದ ಜಾಗ ತಿಂಗಳುಗಟ್ಟಲೆ ಕಪ್ಪಗೆ ಕಾಣುತ್ತದೆ. ಬಿಳಿ ಚರ್ಮದವರ ಮೇಲೆ ನಡೆದ ಅಧ್ಯಯನಗಳನ್ನು ಓದಿ ಇದನ್ನು ಅಂದಾಜು ಮಾಡಲು ಆಗುವುದಿಲ್ಲ.

ಗುಳ್ಳೆಯ ಮೇಲ್ಪದರ ತೆಗೆದ ಮೇಲೆ ಒಂದು ತೊಡೆಗೆ ಔಷಧಿ ಇರುವ ಜೆಲ್, ಇನ್ನೊಂದಕ್ಕೆ ಔಷಧಿ ಇಲ್ಲದ ಅದೇ ಜೆಲ್. ಯಾವುದು ಯಾವ ಕಡೆ ಅಂತ ನನಗೂ ಗೊತ್ತಿಲ್ಲ, ಹಚ್ಚಿಸಿಕೊಂಡವರಿಗೂ ಗೊತ್ತಿಲ್ಲ. ಒಂದು ಗಾಯವನ್ನು ಸುಮ್ಮನೆ ಬಿಟ್ಟು ಹೋಲಿಸಿದ್ದರೆ ಯಾವ ಜೆಲ್ ಆದರೂ ಗೆದ್ದೇ ಗೆಲ್ಲುತ್ತಿತ್ತು. ಸಂಶೋಧಕ ಜಾರ್ಜ್ ವಿಂಟರ್ 1962ರಲ್ಲೇ ಹಂದಿಗಳ ಮೇಲೆ ತೋರಿಸಿದ್ದಾರೆ: ತೇವವಾಗಿ ಮುಚ್ಚಿಟ್ಟ ಗಾಯದ ಮೇಲೆ ಹೊಸ ಚರ್ಮ, ಗಾಳಿಗೆ ಬಿಟ್ಟು ಹಕ್ಕಳೆ ಕಟ್ಟಿದ ಗಾಯಕ್ಕಿಂತ ಹೆಚ್ಚುಕಮ್ಮಿ ಎರಡು ಪಟ್ಟು ಬೇಗ ಬರುತ್ತದೆ. ‘ಗಾಳಿ ಆಡ್ಲಿ ಬಿಡು, ಒಣಗುತ್ತೆ’ ಅನ್ನುವ ಮಾತು ಇನ್ನೂ ಎಲ್ಲರ ಮನೆಯಲ್ಲೂ ಇದೆ. ನರ್ಸುಗಳ ಬಾಯಲ್ಲೂ ಕೇಳಿದ್ದೇನೆ.

ಮಾಯುವುದನ್ನು ಅಳೆಯಲು ಫೋಟೋ ಇದೆ, ಆದರೆ ನಾನು ಹೆಚ್ಚು ನಂಬಿದ್ದು ಚರ್ಮದಿಂದ ಆವಿಯಾಗುವ ನೀರಿನ ಅಳತೆಯನ್ನು. ಮೇಲ್ಪದರ ಇಲ್ಲದ ಜಾಗದಿಂದ ನೀರು ಧಾರಾಳವಾಗಿ ಹೋಗುತ್ತದೆ, ಹೊಸ ಚರ್ಮ ಗಟ್ಟಿಯಾದಂತೆ ಇಳಿಯುತ್ತದೆ. ಮೇಲೆ ನೋಡಿದರೆ ಪೂರ್ತಿ ಮಾಯ್ದ ಹಾಗೆ ಕಾಣುವ ಗಾಯವೂ ಈ ಯಂತ್ರಕ್ಕೆ ಇನ್ನೂ ಸೋರುವ ಮಾಳಿಗೆ. ಆದರೆ ಯಂತ್ರ ಬಲು ಸೂಕ್ಷ್ಮ. ಫ್ಯಾನ್ ತಿರುಗಬಾರದು, ಬಾಗಿಲು ತೆಗೆಯಬಾರದು, ಬಂದವರು ಅರ್ಧ ಗಂಟೆ ಎಸಿ ಕೋಣೆಯಲ್ಲಿ ಸುಮ್ಮನೆ ಕೂರಬೇಕು. ಬಿಸಿಲಲ್ಲಿ ಬೈಕ್ ಓಡಿಸಿಕೊಂಡು ಬಂದ ಹುಡುಗನ ತೊಡೆ ಅಳೆದರೆ ಸಿಗುವುದು ಬೆವರಿನ ಲೆಕ್ಕ.

ಇಂಥ ಪ್ರಯೋಗ ಮಾಡಬಹುದೋ ಬಾರದೋ ಅಂತ ನೋಡಿ ಒಪ್ಪಿಗೆ ಕೊಡುವುದು ಎಥಿಕ್ಸ್ ಕಮಿಟಿ. ಅದರಲ್ಲಿ ಈ ಕ್ಷೇತ್ರದವರಲ್ಲದ ಸಾಮಾನ್ಯ ಸದಸ್ಯರೊಬ್ಬರು ಇರಲೇಬೇಕು ಅಂತ ಔಷಧಿ ಪ್ರಯೋಗಗಳ 2019ರ ನಿಯಮಗಳು ಹೇಳುತ್ತವೆ. ನನ್ನ ಮಟ್ಟಿಗೆ ಇಡೀ ಕಮಿಟಿಯಲ್ಲಿ ಅತ್ಯಂತ ಉಪಯೋಗದ ಕುರ್ಚಿ ಅದೇ. ನಮ್ಮಲ್ಲಿ ಆ ಕುರ್ಚಿಯಲ್ಲಿದ್ದ ಹಿರಿಯರು ಕೇಳಿದ್ದು ಒಂದೇ: “ಡಾಕ್ಟ್ರೇ, ಇದರಿಂದ ಗಾಯ ಮಾಡಿಸಿಕೊಳ್ಳೋ ಹುಡುಗನಿಗೇನು ಲಾಭ?” ಏನೂ ಇಲ್ಲ ಅಂದೆ. “ಹಾಗಾದ್ರೆ ಅದನ್ನೇ ಮೊದಲು ಬರೀರಿ” ಅಂದರು. ಒಪ್ಪಿಗೆ ಪತ್ರದ ಮೊದಲ ಸಾಲು ಅದೇ ಆಯಿತು. ದುಡ್ಡಿನ ವಿಷಯದಲ್ಲೂ ಅವರದ್ದೇ ಮಾತು ನಿಂತಿತು: ಕೊನೆಗೆ ಒಟ್ಟಿಗೆ ಕೊಡುವುದು ಬೇಡ, ಬಂದ ಭೇಟಿಗೆ ಅವತ್ತೇ ಕೊಡಿ, ಮಧ್ಯದಲ್ಲಿ ಬಿಟ್ಟು ಹೋಗಬೇಕು ಅನ್ನಿಸಿದವನ ಕಾಲಿಗೆ ದುಡ್ಡಿನ ಹಗ್ಗ ಕಟ್ಟಬೇಡಿ.

ಇಷ್ಟಾದರೂ ಲಾಭ ಇಲ್ಲ ಅಂದರೆ ಜನ ನಂಬುವುದಿಲ್ಲ. ಓದಿ ಹೇಳಿದ ಮೇಲೆ, ‘ಈಗ ನೀವು ನನಗೆ ಹೇಳಿ’ ಅನ್ನುತ್ತಿದ್ದೆ. ಒಬ್ಬ ಎಲ್ಲ ಸರಿಯಾಗಿ ಹೇಳಿ ಕೊನೆಗೆ, “ಆದ್ರೂ ಸಾರ್, ಬ್ಲಡ್ ಟೆಸ್ಟ್ ಎಲ್ಲಾ ಫ್ರೀ ಅಲ್ವಾ” ಅಂದ. ಅದೂ ನಿಜವೇ. ಅವನ ಲೆಕ್ಕವನ್ನು ನಾನು ಅಲ್ಲಗಳೆಯಲಿಲ್ಲ.

ಕೀಲಾಯ್ಡ್ ಆಗುವವರು, ಅಂದರೆ ಗಾಯದ ಕಲೆ ಉಬ್ಬಿ ಬೆಳೆಯುವವರು, ಸೋರಿಯಾಸಿಸ್ ಅಥವಾ ತೊನ್ನು ಇರುವವರು ಬೇಡ. ಅವರಿಗೆ ಗಾಯವಾದ ಜಾಗದಲ್ಲೇ ಕಾಯಿಲೆ ಏಳಬಹುದು. ಸಿಗರೇಟು ಸೇದುವವರೂ ಬೇಡ. ಈ ಪಟ್ಟಿಯಲ್ಲಿ ಇಲ್ಲದ್ದು ಅಮ್ಮಂದಿರು. ಒಬ್ಬ ಹುಡುಗ ಬಂದಾಗ ಡ್ರೆಸಿಂಗ್ ಅಂಚೆಲ್ಲ ಹಳದಿ. ಮನೆಗೆ ಫೋನ್ ಮಾಡಿದೆ. “ಮಗಂಗೆ ಗಾಯ ಮಾಡಿ ಕಳ್ಸಿದೀರ, ಅರಿಶಿನ ಹಚ್ದೆ ಹೆಂಗೆ ಬಿಡ್ಲಿ ಡಾಕ್ಟ್ರೇ?” ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ತಾಯಿ ಎರಡೂ ತೊಡೆಗೆ ಒಂದೇ ಸಮ ಹಚ್ಚಿದ್ದರು, ಪಕ್ಷಪಾತ ಮಾಡಿರಲಿಲ್ಲ. ಅವನ ಗಾಯದ ಅಳತೆ ಲೆಕ್ಕದಿಂದ ಹೊರಗೆ ಹೋಯಿತು, ಸುರಕ್ಷತೆಯ ತಪಾಸಣೆ ಮತ್ತು ದುಡ್ಡು ಕೊನೆಯವರೆಗೂ ನಡೆಯಿತು.

ಮೇಲೆ ಹಚ್ಚುವ ಜೆಲ್ ತಾನೇ ಅಂತ ಸಸಾರ ಮಾಡುವ ಹಾಗಿಲ್ಲ. ಮೇಲ್ಪದರ ತೆಗೆದ ಚರ್ಮ ಔಷಧಿಯನ್ನು ಸೀದಾ ಒಳಗೆ ಬಿಟ್ಟುಕೊಳ್ಳುತ್ತದೆ. ಹಾಗಾಗಿ ರಕ್ತದಲ್ಲಿ ಔಷಧಿ ಎಷ್ಟು ಸೇರಿದೆ ಅಂತಲೂ ನೋಡಿದೆವು. ಮೊದಲು ಒಬ್ಬರಿಗೆ ಮಾತ್ರ ಹಚ್ಚಿ, ಕಾದು, ಆಮೇಲೆ ಉಳಿದವರಿಗೆ. 2006ರ ಮಾರ್ಚ್‌ನಲ್ಲಿ ಲಂಡನ್ನಿನ ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆಯಲ್ಲಿ ಟಿಜಿಎನ್1412 ಎಂಬ ಔಷಧಿಯನ್ನು 6 ಜನ ಆರೋಗ್ಯವಂತರಿಗೆ ನಿಮಿಷಗಳ ಅಂತರದಲ್ಲಿ ಕೊಟ್ಟು, ಆರೂ ಜನ ಐಸಿಯು ಸೇರಿದ್ದರು. ಅದಾದ ಮೇಲೆ ಈ ಕಾಯುವಿಕೆ ಎಲ್ಲೆಡೆ ರೂಢಿಯಾಯಿತು.

ಫಲಿತಾಂಶ? ಜೆಲ್‌ನಿಂದ ತೊಂದರೆಯಾಗಲಿಲ್ಲ. ಬೇಗ ಮಾಯಿಸಿತೇ ಅಂದರೆ, ಎರಡೂ ತೊಡೆಯ ಗಾಯ ಚೆನ್ನಾಗಿಯೇ ಮಾಯ್ದವು. ಆರೋಗ್ಯವಂತರ ಗಾಯ ಹೇಗೂ ಹತ್ತು ದಿನದ ಒಳಗೆ ಮೇಲ್ನೋಟಕ್ಕೆ ಮುಚ್ಚಿಕೊಳ್ಳುತ್ತದೆ, ಔಷಧಿ ತನ್ನ ಕೈಗುಣ ತೋರಿಸಲು ಅಲ್ಲಿ ಜಾಗವೇ ಕಮ್ಮಿ. ಕಂಪನಿಯವರಿಗೆ ಇದು ರುಚಿಸಲಿಲ್ಲ, ಕಂಡ ಅಲ್ಪ ವ್ಯತ್ಯಾಸವನ್ನೇ ದೊಡ್ಡದು ಮಾಡುವ ಆಸೆ ಅವರಿಗಿತ್ತು. ನಾನು ಮ್ಯಾಂಚೆಸ್ಟರ್‌ನ ಕಥೆ ನೆನಪಿಸಿದೆ. ಅಲ್ಲಿನ ರೆನೋವೋ ಕಂಪನಿಯ ಅವೋಟರ್ಮಿನ್ ಅನ್ನುವ ಔಷಧಿ ಆರೋಗ್ಯವಂತರಲ್ಲಿ ಕಲೆ ಕಮ್ಮಿ ಮಾಡುತ್ತದೆ ಅಂತ 2009ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂತು, 2011ರಲ್ಲಿ ರೋಗಿಗಳ ಮೇಲಿನ ಮೂರನೇ ಹಂತದ ಪ್ರಯೋಗದಲ್ಲಿ ಸೋತಿತು.

ಮುಂದಿನ ಹಂತ ಪಾದದ ಹುಣ್ಣಿನವರ ಮೇಲೆ. ಮೊದಲ ಎರಡು ವಾರ ಎಲ್ಲರಿಗೂ ಮಾಮೂಲಿ ಡ್ರೆಸಿಂಗ್ ಮಾತ್ರ, ಅದರಲ್ಲೇ ಬೇಗ ಮಾಯುವವರನ್ನು ಬಿಟ್ಟು ಉಳಿದವರನ್ನು ತೆಗೆದುಕೊಳ್ಳುವುದು ಅಂತ ಮಾತಾಗಿದೆ. ಹುಣ್ಣಿನ ಮೇಲೆ ಭಾರ ಬೀಳದ ಹಾಗೆ ಎಲ್ಲರಿಗೂ ಒಂದೇ ಬಗೆಯ ಪಾದರಕ್ಷೆ ಕೊಡಿ ಅಂತ ಪಟ್ಟು ಹಿಡಿದಿದ್ದೇನೆ. ಖರ್ಚಿನ ವಿಚಾರವಾಗಿ ಕಂಪನಿಯವರು ಇನ್ನೂ ಒಪ್ಪಿಲ್ಲ.