ಹಳೇ ಸೈ-ಫೈ ಗೇಮ್‌ಗಳು: ಯಾವುದರಿಂದ ಶುರು ಮಾಡಬೇಕು, ಹೇಗೆ ಆಡಬೇಕು

'ಸಾರ್ವಕಾಲಿಕ ಶ್ರೇಷ್ಠ' ಅನ್ನೋ ಪಟ್ಟಿಗಳನ್ನು ನೋಡಿ ಮೊದಲನೇ ಹೆಸರನ್ನೇ ಇಳಿಸಿಕೊಳ್ಳಬೇಡಿ. ಅಲ್ಲಿರುವ ಗೇಮ್‌ಗಳು ಒಳ್ಳೆಯವೇ, ಆದರೆ ಅವುಗಳಲ್ಲಿ ಹಲವು ಹೊಸಬರನ್ನು ಮೊದಲ ಗಂಟೆಯಲ್ಲೇ ಓಡಿಸಿಬಿಡುತ್ತವೆ. ತೊಂದರೆ ಗ್ರಾಫಿಕ್ಸ್‌ನದ್ದಲ್ಲ, ಅದಕ್ಕೆ ಕಣ್ಣು ಬೇಗ ಒಗ್ಗುತ್ತದೆ. ಕೈ ಒಗ್ಗುವುದೇ ಕಷ್ಟ. ಯಾವ ಕೀ ಏನು ಮಾಡುತ್ತದೆ ಅಂತ ಆಗಿನ ಎಷ್ಟೋ ಗೇಮ್‌ಗಳು ಹೇಳಿಕೊಡುತ್ತಲೇ ಇರಲಿಲ್ಲ. ಡಬ್ಬಿಯಲ್ಲಿ ದಪ್ಪ ಮ್ಯಾನುವಲ್ ಇದೆ, ಓದಿಕೊಂಡೇ ಕೂರುತ್ತಾರೆ ಬಿಡಿ ಅನ್ನೋ ಲೆಕ್ಕ ಆ ಗೇಮ್ ಮಾಡಿದವರದ್ದು.

ಹಾಗಾಗಿ ಮೊದಲ ಕೆಲಸ ಮ್ಯಾನುವಲ್ ಹುಡುಕುವುದು. ಹಳೇ ಗೇಮ್‌ಗಳನ್ನು ಮಾರುವ ಜಿಒಜಿ ಅನ್ನೋ ಜಾಲತಾಣದಲ್ಲಿ ಕೊಂಡರೆ ಸಾಮಾನ್ಯವಾಗಿ ಪಿಡಿಎಫ್ ಜೊತೆಗೇ ಸಿಗುತ್ತದೆ, ಡಾಸ್ (ವಿಂಡೋಸ್‌ಗೂ ಹಿಂದಿನ ವ್ಯವಸ್ಥೆ) ಕಾಲದ ಗೇಮ್ ಆದರೆ ಅದನ್ನು ಈಗಿನ ಕಂಪ್ಯೂಟರ್‌ನಲ್ಲಿ ಓಡಿಸುವ ಡಾಸ್‌ಬಾಕ್ಸ್ ಕೂಡ ಜೋಡಿಸಿಯೇ ಕೊಟ್ಟಿರುತ್ತಾರೆ. ಆಮೇಲೆ ಕೀಗಳನ್ನು ನಿಮ್ಮ ಕೈಗೆ ಬೇಕಾದಂತೆ ಬದಲಾಯಿಸಿಕೊಳ್ಳಿ. ಆಟೋಸೇವ್ ನಂಬಬೇಡಿ. ಒಂದೇ ಸ್ಲಾಟ್ (ಸೇವ್ ಇಡುವ ಜಾಗ) ಮೇಲೆ ಸೇವ್ ಮಾಡುತ್ತಾ ಹೋದರೆ ಸಾಯೋ ಕ್ಷಣದಲ್ಲೇ ಸಿಕ್ಕಿಬೀಳುತ್ತೀರಿ, ಮೂರ್ನಾಲ್ಕು ಸ್ಲಾಟ್ ಇರಲಿ.

ಮೊದಲು ಆಡಬೇಕಾದ್ದು ಹಾಫ್-ಲೈಫ್ (1998). ಕೀಬೋರ್ಡ್, ಮೌಸ್ ಹಿಡಿದು ಯಾವುದೇ ಶೂಟರ್ ಆಡಿದ್ದರೂ ಇದು ತಕ್ಷಣ ಅರ್ಥವಾಗುತ್ತದೆ. ಶುರುವಿನ ಟ್ರಾಮ್ ಪ್ರಯಾಣದಲ್ಲಿ ಏನೂ ನಡೆಯಲ್ಲ ಅಂತ ಬೇಸರ ಮಾಡಿಕೊಳ್ಳಬೇಡಿ, ಪ್ರಯೋಗಾಲಯ ಹಾಳಾಗುವ ಮುಂಚೆ ಹೇಗಿತ್ತು ಅಂತ ನೋಡಿಟ್ಟುಕೊಂಡರೆ ಆಮೇಲಿನ ಗಲಾಟೆಗೆ ಬೆಲೆ ಬರುತ್ತದೆ. ಕುಕ್ಕರಿಸಿ ಜಿಗಿಯುವುದನ್ನು ಗೇಮ್‌ನಲ್ಲೇ ಇರುವ ತರಬೇತಿ, 'ಹಜಾರ್ಡ್ ಕೋರ್ಸ್'ನಲ್ಲಿ ಕಲಿತುಕೊಳ್ಳಿ, ಇಲ್ಲದಿದ್ದರೆ ಕೆಲವು ಕಡೆ ಮುಂದೆ ಹೋಗೋಕೇ ಆಗಲ್ಲ. ಕೊನೆಯ ಅನ್ಯಲೋಕದ ಭಾಗ ಸಪ್ಪೆ, ಅದನ್ನು ಮುಚ್ಚಿಡುವುದೇಕೆ. ಅಭಿಮಾನಿಗಳು ಮತ್ತೆ ಕಟ್ಟಿದ ಬ್ಲ್ಯಾಕ್ ಮೆಸಾದಲ್ಲಿ (2020) ಆ ಭಾಗ ಎಷ್ಟೋ ಚೆನ್ನಾಗಿದೆ.

ಸಮಯ ಕಡಿಮೆ ಇದ್ದರೆ ಅನದರ್ ವರ್ಲ್ಡ್ (1991) ತಗೊಳ್ಳಿ. ದಾರಿ ಗೊತ್ತಿದ್ದರೆ ಒಂದೇ ಕೂತಲ್ಲಿ ಮುಗಿಯುತ್ತದೆ, ಗೊತ್ತಿಲ್ಲದಿದ್ದರೆ ಹೆಜ್ಜೆಗೊಮ್ಮೆ ಸಾಯುತ್ತೀರಿ, ಸತ್ತೇ ಕಲಿಯಬೇಕು. ಮಾತೇ ಇಲ್ಲದೆ ಕಥೆ ಹೇಳುವ ಗೇಮ್ ಇದು, ಬಹುಪಾಲು ಎರಿಕ್ ಶಾಯಿ ಒಬ್ಬರೇ ಮಾಡಿದ್ದು. ದುಡ್ಡು ಕೊಡದೆ ಆಡಬೇಕಾ? ಬಿನೀತ್ ಎ ಸ್ಟೀಲ್ ಸ್ಕೈ (1994) 2003ರಿಂದ ಉಚಿತ. ಹಳೇ ಗೇಮ್ ಓಡಿಸುವ ಸ್ಕಮ್‌ವಿಎಂ ಅನ್ನೋ ತಂತ್ರಾಂಶ ಹಾಕಿಕೊಂಡರೆ ಈಗಿನ ಯಾವ ಕಂಪ್ಯೂಟರ್‌ನಲ್ಲೂ ಓಡುತ್ತದೆ.

ಇನ್ನು ಡ್ಯೂಸ್ ಎಕ್ಸ್ (2000), ನೀವು ಸರ್ಕಾರಿ ಏಜೆಂಟ್ ಆಗಿ ಆಡುವ ಗೇಮ್. ನನ್ನ ಮಟ್ಟಿಗೆ ಈ ಇಡೀ ಕಸರತ್ತು ಇದಕ್ಕಾಗಿಯೇ. ಆದರೆ ಮೊದಲ ಲೆವೆಲ್, ಲಿಬರ್ಟಿ ದ್ವೀಪ, ದೊಡ್ಡದು, ಕತ್ತಲು, ಹೊಸಬರ ಮೇಲೆ ಕರುಣೆಯೇ ಇಲ್ಲ. ಓಡುತ್ತಾ ಗುಂಡು ಹೊಡೆದರೆ ಒಂದೂ ತಾಗಲ್ಲ. ಗೇಮ್ ಕೆಟ್ಟಿದೆ ಅಂದುಕೊಳ್ಳಬೇಡಿ, ಗುರಿ ನಿಮ್ಮ ಪಾತ್ರದ ಕೌಶಲದ ಮೇಲೆ ನಿಂತಿದೆ. ಶುರುವಿನಲ್ಲೇ ಪಿಸ್ತೂಲಿನ ಮೇಲೆ ಸ್ವಲ್ಪ ಪಾಯಿಂಟ್ ಹಾಕಿ, ನಿಂತು, ಗುರಿಯ ಗೆರೆಗಳು ಹತ್ತಿರ ಬರುವವರೆಗೆ ಕಾದು ಹೊಡೆಯಿರಿ. ಮುಂಬಾಗಿಲಿಂದಲೇ ನುಗ್ಗಬೇಕು ಅಂತೇನಿಲ್ಲ, ಹಿಂದೆ ಪೆಟ್ಟಿಗೆಗಳನ್ನು ಹತ್ತಿಯೂ ಹೋಗಬಹುದು, ಮಾಹಿತಿ ಕೊಡುವವನನ್ನು ಹುಡುಕಿ ಬಾಗಿಲ ಕೀ ಪಡೆಯಬಹುದು, ಜೈಲಲ್ಲಿರುವ ಸಹೋದ್ಯೋಗಿಯನ್ನು ಬಿಡಿಸಬಹುದು, ಬಿಡಬಹುದು. ನೀವು ಎಷ್ಟು ಜನರನ್ನು ಕೊಂದಿರಿ ಅನ್ನೋದು ಆಫೀಸಿಗೆ ವಾಪಸ್ ಹೋದಾಗ ಮಾತಿಗೆ ಬರುತ್ತದೆ. ಸುಮ್ನೆ ಕುತೂಹಲಕ್ಕೆ ಹೆಂಗಸರ ಶೌಚಾಲಯಕ್ಕೆ ಹೊಕ್ಕರೂ ಬಾಸ್ ಬೈಯುತ್ತಾರೆ! ಎರಡು ಮಿಷನ್ ತಾಳ್ಮೆ ಕೊಡಿ, ಅಷ್ಟೇ.

ತಂತ್ರದ ಆಟ ಇಷ್ಟವಾದರೆ 1994ರ ಎಕ್ಸ್-ಕಾಮ್, ಅನ್ಯಗ್ರಹದವರ ವಿರುದ್ಧ ಸೈನಿಕರ ತಂಡ ನಡೆಸುವ ಗೇಮ್. ಇದನ್ನು ಅಭಿಮಾನಿಗಳು ಮತ್ತೆ ಬರೆದ ಓಪನ್‌ಎಕ್ಸ್‌ಕಾಮ್ ತಂತ್ರಾಂಶದ ಮೂಲಕವೇ ಆಡಿ. ಮೂಲ ಗೇಮ್ ಕೊಂಡು ಅದರ ಫೈಲ್‌ಗಳನ್ನು ಈ ತಂತ್ರಾಂಶಕ್ಕೆ ತೋರಿಸಬೇಕು. ಯಾಕೆಂದರೆ ಹಳೇ ಡಾಸ್ ಆವೃತ್ತಿಯಲ್ಲಿ ಒಂದು ವಿಚಿತ್ರ ದೋಷ ಇತ್ತು: ಎಷ್ಟೇ ಕಷ್ಟದ ಮಟ್ಟ ಆರಿಸಿಕೊಂಡರೂ, ಸೇವ್ ಮಾಡಿ ಮತ್ತೆ ತೆರೆದರೆ ಅತಿ ಸುಲಭದ ಮಟ್ಟಕ್ಕೆ ಇಳಿದುಬಿಡುತ್ತಿತ್ತು. ವಿಮಾನದಿಂದ ಇಳಿಯುವ ಮುಂಚೆ ಬಾಗಿಲಲ್ಲಿ ಹೊಗೆ ಗ್ರೆನೇಡ್ ಎಸೆಯಿರಿ. ಪ್ರತಿ ಸರದಿಯಲ್ಲೂ ಸೈನಿಕರಿಗೆ ಸ್ವಲ್ಪ ಟೈಮ್ ಯೂನಿಟ್ (ನಡೆಯೋಕೆ, ಹೊಡೆಯೋಕೆ ಖರ್ಚಾಗುವ ಅಂಕ) ಉಳಿಸಿ, ಆಗ ಶತ್ರು ಓಡಾಡುವಾಗ ಅವರೇ ತಿರುಗಿ ಹೊಡೆಯುತ್ತಾರೆ. ಆದರೂ ಸಾಯುತ್ತಾರೆ, ಮೊದಲ ಕಾರ್ಯಾಚರಣೆಯಲ್ಲಿ ಅರ್ಧ ತಂಡ ಹೋದರೂ ಗೆದ್ದ ಹಾಗೇ ಲೆಕ್ಕ.

ಬಾಹ್ಯಾಕಾಶದ ಹಡಗುಪಡೆ ನಡೆಸುವ ಹೋಮ್‌ವರ್ಲ್ಡ್ (1999) ಬಗ್ಗೆ ಒಂದೇ ಮಾತು: ಒಂದು ಮಿಷನ್‌ನಲ್ಲಿ ಉಳಿದ ಹಡಗುಗಳೇ ಮುಂದಿನದಕ್ಕೂ ಬರುತ್ತವೆ, ಹಾಗಾಗಿ ಗೆಲ್ಲುವ ಆತುರದಲ್ಲಿ ಎಲ್ಲವನ್ನೂ ಸುಟ್ಟುಕೊಳ್ಳಬೇಡಿ.

ಸಿಸ್ಟಮ್ ಶಾಕ್ 2 (1999) ಕೊನೆಗಿರಲಿ. ಭಯ ಹುಟ್ಟಿಸುವುದರಲ್ಲಿ ಈಗಲೂ ಮೇಲುಗೈ, ಆದರೆ ಶಿಕ್ಷೆಯೂ ಜಾಸ್ತಿ. ಬಂದೂಕು ಬಳಸಿದಷ್ಟೂ ಸವೆದು ಕೈಕೊಡುತ್ತದೆ, ಖಾಲಿ ಮಾಡಿದ ಕಾರಿಡಾರಿನಲ್ಲಿ ಮತ್ತೆ ಶತ್ರುಗಳು ಬರುತ್ತಾರೆ. ಶುರುವಿನಲ್ಲಿ ಮೂರು ವೃತ್ತಿ ಕೊಡುತ್ತದೆ, ಮನಶ್ಶಕ್ತಿಯ ಓಎಸ್‌ಎ ಮೊದಲ ಸಲಕ್ಕೆ ಬೇಡ, ನೇವಿ ಹಿಡಿದರೆ ಹ್ಯಾಕಿಂಗ್, ರಿಪೇರಿ ಸುಲಭವಾಗುತ್ತದೆ. ಪಾಯಿಂಟ್‌ಗಳನ್ನು ಎಲ್ಲದಕ್ಕೂ ಚೂರುಚೂರು ಹಂಚಬೇಡಿ, ಎರಡು ಮೂರು ಕೌಶಲ ಮಾತ್ರ ಬೆಳೆಸಿ. ಒಂಟಿ ಶತ್ರುವಿಗೆ ವ್ರೆಂಚ್ ಸಾಕು, ಗುಂಡು ಉಳಿಸಿ. ಸುಲಭದ ಮಟ್ಟ ಆರಿಸಿಕೊಂಡರೆ ಯಾರೂ ಕೇಳಲ್ಲ.