ಬರೆಯ ಬುಡದ ಮನೆ: ಮಳೆಗಾಲಕ್ಕೆ ನಾವು ಸಿದ್ಧವಾಗುವ ರೀತಿ

ಮಡಿಕೇರಿಯಿಂದ ಸೋಮವಾರಪೇಟೆಗೆ ಹೋಗುವ ದಾರಿಯಲ್ಲಿ ಮಕ್ಕಂದೂರು ದಾಟಿ ಒಳಗೆ ತಿರುಗಿದರೆ ಸಿಗುವ ಕಾಫಿ ತೋಟವೊಂದರಲ್ಲಿ ನಮ್ಮ ಮನೆ ಇದೆ. ಮನೆಯ ಬೆನ್ನಿಗೆ ಗುಡ್ಡ, ಎದುರಿಗೆ ಕಾಫಿ ಒಣಗಿಸುವ ಕಣ, ಕಣದ ಕೆಳಗೆ ಕಾರ್ಮಿಕರ ನಾಲ್ಕು ಲೈನ್ ಮನೆಗಳು, ಅವುಗಳ ಆಚೆ ನೀರು ಹರಿಯುವ ಕೊಲ್ಲಿ. 2018ರ ಆಗಸ್ಟ್ 16ರಂದು, ಆಶ್ಲೇಷಾ ಮಳೆಯ ಕೊನೆಯ ರಾತ್ರಿ, ಹಿಂಬದಿಯ ಬರೆ, ಅಂದರೆ ಗುಡ್ಡವನ್ನು ಕಡಿದಾಗ ನಿಂತ ಮಣ್ಣಿನ ಗೋಡೆ, ಕುಸಿದು ಅಡುಗೆಮನೆಯ ಗೋಡೆಯನ್ನು ಒಳಕ್ಕೆ ತಳ್ಳಿತು. ಕರೆಂಟ್ ಹೋಗಿ ಎರಡು ದಿನವಾಗಿತ್ತು, ಫೋನಿಗೆ ಸಿಗ್ನಲ್ ಇರಲಿಲ್ಲ. ಒಂದೇ ಟಾರ್ಚಿನ ಬೆಳಕಿನಲ್ಲಿ ಅತ್ತೆಯವರನ್ನು ಕೈಹಿಡಿದುಕೊಂಡು, ಮಕ್ಕಳಿಬ್ಬರನ್ನು ಮುಂದೆ ಬಿಟ್ಟುಕೊಂಡು ದಿಣ್ಣೆಯ ಮೇಲಿದ್ದ ನೆಂಟರ ಮನೆಯ ಕಡೆಗೆ ಹೊರಟೆವು. ಅರ್ಧ ದಾರಿಗೆ ಬಂದ ಮೇಲೆ, ಲೈನ್ ಮನೆಯವರಿಗೆ ಯಾರೂ ಹೇಳಿಲ್ಲವೆಂಬುದು ನೆನಪಾಯಿತು. ಯಜಮಾನರು ಅಲ್ಲಿಂದಲೇ ಹಿಂದಿರುಗಿ, ಮಲಗಿದ್ದ ಹನ್ನೊಂದು ಜನರನ್ನು ಎಬ್ಬಿಸಿ ಕರೆತಂದರು. ಯಾರ ಜೀವಕ್ಕೂ ಅಪಾಯವಾಗಲಿಲ್ಲ. ಆದರೆ ಆ ಅರ್ಧ ದಾರಿ ಈಗಲೂ ನನ್ನನ್ನು ನಿದ್ದೆಯಿಂದ ಎಬ್ಬಿಸುತ್ತದೆ, ಮುಂದೆ ನಾವು ಮಾಡಿದ ಎಲ್ಲ ಕೆಲಸದ ಹಿಂದೆಯೂ ಅದೇ ಇದೆ.

ಬರೆ ಏಕೆ ಕುಸಿಯಿತು ಎಂಬುದನ್ನು ಮೊದಲು ನಾವು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕಾಯಿತು. ಅಂದಿನ ದಿನಗಳಲ್ಲಿ ಎಲ್ಲರ ಬಾಯಲ್ಲೂ ‘ಜಲಸ್ಫೋಟ’ ಎಂಬ ಮಾತಿತ್ತು. ಗುಡ್ಡದ ಒಳಗಿನಿಂದ ಏನೋ ಸಿಡಿದಂತೆ ಕೇಳಿಸುವ ಆ ಪದ ನಮ್ಮ ಜವಾಬ್ದಾರಿಯನ್ನು ಮರೆಸುತ್ತದೆ ಎಂಬುದು ನನ್ನ ಅಭಿಪ್ರಾಯ. ನಮ್ಮ ಗುಡ್ಡಗಳಲ್ಲಿ ಗಟ್ಟಿ ಬಂಡೆಯ ಮೇಲೆ ಶಿಥಿಲವಾದ ಮಣ್ಣಿನ ದಪ್ಪ ಪದರವಿದೆ. ದಿನಗಟ್ಟಲೆ ಸುರಿದ ನೀರು ಅದರೊಳಗೆ ಇಳಿದು, ಹೊರಹೋಗಲು ದಾರಿ ಸಿಗದೆ ಒತ್ತಡ ಏರಿದಾಗ ಮಣ್ಣಿನ ಹಿಡಿತ ಸಡಿಲಗೊಂಡು ಇಡೀ ಪದರವೇ ಜಾರುತ್ತದೆ. ಇಳಿಜಾರಿನ ಬುಡವನ್ನು ಮೊದಲೇ ಕಡಿದಿದ್ದರೆ ಜಾರುವುದು ಇನ್ನೂ ಸುಲಭ. ರಸ್ತೆ, ಮನೆ, ಕಟ್ಟಡಗಳಿಗಾಗಿ ಇಳಿಜಾರನ್ನು ಕಡಿದದ್ದು ಕೊಡಗಿನ ಕುಸಿತಗಳಿಗೆ ಮುಖ್ಯ ಕಾರಣಗಳಲ್ಲೊಂದೆಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರೂ ಹೇಳಿದ್ದಾರೆ. ಜೀಪು ನಿಲ್ಲಿಸಲು ಜಾಗ ಬೇಕೆಂದು 2011ರಲ್ಲಿ ಜೆಸಿಬಿ ತರಿಸಿ, ಮನೆಯ ಹಿಂದೆ ಹದಿನಾಲ್ಕು ಅಡಿ ಎತ್ತರದ ಬರೆಯನ್ನು ಗೋಡೆಯಂತೆ ನೆಟ್ಟಗೆ ಕಡಿಸಿದವರು ನಾವೇ. ಅದರ ಮೇಲಿನ ತೋಟದಲ್ಲಿ ಬೇಸಿಗೆಯ ತೇವಕ್ಕೆಂದು ಸಾಲುಸಾಲಾಗಿ ಮಳೆನೀರು ಇಂಗಿಸುವ ತೊಟ್ಟಿಲು ಗುಂಡಿ ತೆಗೆಸಿದ್ದವರೂ ನಾವೇ. ಸಪಾಟು ಜಾಗದಲ್ಲಿ ಅವು ಒಳ್ಳೆಯವು. ಮನೆಯ ಮೇಲಿನ ಕಡಿದಾದ ಇಳಿಜಾರಿನಲ್ಲಿ ಅವು ಮಳೆನೀರನ್ನು ಮಣ್ಣಿನೊಳಕ್ಕೆ ಹುಯ್ಯುವ ಬಾಯಿಗಳಾಗಿದ್ದವು.

ಆದ್ದರಿಂದ ಸಾಮಾನು ಕೊಳ್ಳುವ ಮೊದಲು ನೀರಿನ ದಾರಿಯನ್ನು ಸರಿಪಡಿಸಿದೆವು. ನಮ್ಮ ಮನೆಯ ಮಾಡು ಸುಮಾರು 1,800 ಚದರ ಅಡಿ. ಅದರ ಮೇಲೆ ಒಂದು ಇಂಚು ಮಳೆ ಬಿದ್ದರೆ 4,200 ಲೀಟರ್, ಐದು ಇಂಚು ಬಿದ್ದರೆ 21,000 ಲೀಟರ್ ನೀರಾಗುತ್ತದೆ. ಆ ನೀರಿನ ಅರ್ಧ ಭಾಗ ಹಿಂದಿನ ಸೂರಿನಿಂದ ನೇರವಾಗಿ ಬರೆಯ ಬುಡಕ್ಕೆ ಬಿದ್ದು ಅಲ್ಲೇ ಇಂಗುತ್ತಿತ್ತು ಎಂಬ ಲೆಕ್ಕ ಕಾಗದದ ಮೇಲೆ ಕಂಡ ದಿನ ನನಗೆ ಬಹಳ ಸಂಕಟವಾಯಿತು. ಸೂರಿಗೆ ತಗಡಿನ ದೋಣಿ ಕಟ್ಟಿಸಿ, ಆರು ಇಂಚಿನ ಪೈಪಿನಲ್ಲಿ ನೀರನ್ನು ಕಣದ ಬದಿಯ ಕಲ್ಲಿನ ಚರಂಡಿಗೆ, ಅಲ್ಲಿಂದ ಲೈನ್ ಮನೆಗಳ ಹತ್ತಿರಕ್ಕೆ ಬಾರದಂತೆ ದೂರ ಸುತ್ತಿಸಿ ಕೊಲ್ಲಿಗೆ ಸೇರಿಸಿದೆವು. ಮನೆಯ ನೇರಕ್ಕಿದ್ದ ತೊಟ್ಟಿಲು ಗುಂಡಿಗಳನ್ನು ಮುಚ್ಚಿಸಿ, ಬರೆಯ ನೆತ್ತಿಯ ಮೇಲೆ ಅಡ್ಡಲಾಗಿ ಒಂದು ಚರಂಡಿ ತೆಗೆಸಿದೆವು. ಉಳಿದ ಬರೆಯನ್ನು ಮೂರು ಮೆಟ್ಟಿಲುಗಳಾಗಿ ಹಿಂದಕ್ಕೆ ಕಡಿಸಿ, ಪ್ರತಿ ಮೆಟ್ಟಿಲಿನ ಅಂಚಿನಲ್ಲಿ ಗೇಣಿಗಿಂತ ಹತ್ತಿರವಾಗಿ ಲಾವಂಚ ನೆಟ್ಟೆವು. ಬುಡದ ಕಲ್ಲಿನ ತಡೆಗೋಡೆಯಲ್ಲಿ ಅಲ್ಲಲ್ಲಿ ಪೈಪಿನ ತೂತುಗಳಿವೆ. ಮಳೆಗಾಲದಲ್ಲಿ ಅವುಗಳಿಂದ ನೀರು ಸುರಿಯುತ್ತಿದ್ದರೆ ನನಗೆ ನೆಮ್ಮದಿ, ಜೋರು ಮಳೆಯಲ್ಲೂ ಸುರಿಯದಿದ್ದರೆ ತೂತು ಕಟ್ಟಿಕೊಂಡಿದೆಯೇ ಎಂದು ಕಂಬಿ ಹಾಕಿ ನೋಡುತ್ತೇವೆ.

ಎರಡನೆಯದು ಮಳೆಯ ಪುಸ್ತಕ. ಕೊಡಗಿನ ತೋಟದ ಮನೆಗಳಲ್ಲಿ ಮಳೆಯನ್ನು ಇಂಚು, ಸೆಂಟ್‌ಗಳಲ್ಲಿ ಬರೆದಿಡುವ ರೂಢಿ ಹಳೆಯದು. ನೂರು ಸೆಂಟಿಗೆ ಒಂದು ಇಂಚು. ನಮ್ಮ ಮಾವ 1974ರಿಂದ ಬರೆದ ಪುಸ್ತಕಗಳು ಕಪಾಟಿನಲ್ಲಿವೆ. ಪ್ರತಿದಿನ ಬೆಳಿಗ್ಗೆ ಎಂಟಕ್ಕೆ ಮಾಪಕದ ಬಾಟಲಿಯ ನೀರನ್ನು ಅಳೆಯುವ ಗಾಜಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ಓದಿ ಬರೆಯುತ್ತಿದ್ದರು. 2018ರ ಆಗಸ್ಟ್ 16ರ ಸಾಲು ಮಾತ್ರ ಖಾಲಿ ಇದೆ. ಆ ಬೆಳಿಗ್ಗೆ ಬಾಟಲಿ ತುಂಬಿ ಹೊರಗೆ ಚೆಲ್ಲಿತ್ತು, ಎಷ್ಟು ಬಿತ್ತೆಂದು ಬರೆಯಲು ನನ್ನಿಂದ ಆಗಲಿಲ್ಲ. ಅಷ್ಟು ವರ್ಷಗಳ ಅಂಕಿಗಳು ಕೈಯಲ್ಲಿದ್ದರೂ ಅವುಗಳನ್ನು ನಾವು ಕಾಫಿ ಹೂವರಳಿಸುವ ಹೂಮಳೆಯ ಲೆಕ್ಕಕ್ಕೆ ನೋಡುತ್ತಿದ್ದೆವೇ ಹೊರತು ಮನೆ ಬಿಡುವ ಲೆಕ್ಕಕ್ಕೆ ನೋಡಿರಲಿಲ್ಲ.

ಈಗ ಪುಸ್ತಕದ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ನಮ್ಮ ನಿಯಮವಿದೆ. ಒಂದು ದಿನಕ್ಕೆ ಐದು ಇಂಚು ದಾಟಿದರೆ ಚೀಲಗಳು ಬಾಗಿಲ ಬಳಿಗೆ ಬರುತ್ತವೆ, ಮೂರು ಗಂಟೆಗೊಮ್ಮೆ ಅಳೆಯಲು ಆರಂಭಿಸುತ್ತೇವೆ. ಒಂದು ದಿನಕ್ಕೆ ಎಂಟು ಇಂಚು ಅಥವಾ ಮೂರು ದಿನ ಸೇರಿ ಹನ್ನೆರಡು ಇಂಚು ದಾಟಿದರೆ ಸಂಜೆ ನಾಲ್ಕರ ಒಳಗೆ ಎಲ್ಲರೂ ಹೊರಡಬೇಕೆಂದು ಮೊದಲು ಬರೆದಿದ್ದೆವು. ಎಂಟು ಇಂಚು ಎಂದರೆ ಹವಾಮಾನ ಇಲಾಖೆಯು ಭಾರಿ ಮಳೆಯ ಅತ್ಯಂತ ಮೇಲಿನ ವರ್ಗಕ್ಕೆ ಆರಂಭದ ಮಿತಿಯಾಗಿ ಇಟ್ಟಿರುವ 204.5 ಮಿಲಿಮೀಟರ್‌ಗೆ ಹತ್ತಿರದ ಅಳತೆ. ಉಳಿದವು ಈ ಇಳಿಜಾರನ್ನು ನೋಡಿ ನಾವೇ ಕಟ್ಟಿಕೊಂಡವು, ಬೇರೆ ಮನೆಗೆ ಬೇರೆಯಾಗಬಹುದು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ವರುಣಮಿತ್ರ’ಕ್ಕೆ ಫೋನ್ ಮಾಡಿ ಮುನ್ಸೂಚನೆ ಕೇಳುತ್ತೇನೆ, ಆದರೆ ಒಂದು ದಿಣ್ಣೆಯ ಈಚೆಗೂ ಆಚೆಗೂ ಮಳೆ ಎರಡರಷ್ಟು ವ್ಯತ್ಯಾಸವಾಗುವ ನಮ್ಮ ಊರಿನಲ್ಲಿ ಅಂಗಳದ ಮಾಪಕವನ್ನು ಬಿಡಲಾಗದು. ಹೊರಡಬೇಕೋ ಬೇಡವೋ ಎಂಬ ಮಾತು ಮಳೆಯ ದಿನ ಎದ್ದರೆ ಅತ್ತೆಯವರು ಒಂದು ಹೇಳುತ್ತಾರೆ, ಯಜಮಾನರು ಇನ್ನೊಂದು ಹೇಳುತ್ತಾರೆ, ಅಷ್ಟರಲ್ಲಿ ಕತ್ತಲಾಗುತ್ತದೆ. ಏಪ್ರಿಲ್‌ನ ಬಿಸಿಲಿನಲ್ಲಿ ಎಲ್ಲರೂ ಒಪ್ಪಿ ಬರೆದ ಅಂಕಿಯ ಎದುರು ಆ ದಿನ ವಾದವೇ ಏಳುವುದಿಲ್ಲ.

ಅಂಕಿ ಮುಟ್ಟುವ ಮೊದಲೇ ಹೊರಡಬೇಕಾದ ಲಕ್ಷಣಗಳೂ ಇವೆ: ಹೊಸ ಜಾಗದಲ್ಲಿ ಒರತೆ ಎದ್ದು ಕೆಸರುನೀರು ಬರುವುದು, ಸಿಲ್ವರ್ ಮರಗಳು ವಾಲುವುದು, ಸರಾಗವಾಗಿದ್ದ ಬಾಗಿಲು ಚೌಕಟ್ಟಿನಲ್ಲಿ ಸಿಕ್ಕಿಕೊಳ್ಳುವುದು, ಮಳೆ ಸುರಿಯುತ್ತಿದ್ದರೂ ಕೊಲ್ಲಿಯ ನೀರು ಇದ್ದಕ್ಕಿದ್ದಂತೆ ಇಳಿಯುವುದು. ಬರೆಯ ನೆತ್ತಿಯಿಂದ ಮೂವತ್ತು ಅಡಿ ಮೇಲೆ, ಮೆಣಸಿನ ಬಳ್ಳಿ ಹಬ್ಬಿದ ಹಾಲುವಾಣದ ಬುಡದಲ್ಲಿ ಒಂದು ಬಿರುಕಿದೆ. ಅದರ ಎರಡೂ ಕಡೆ ಕಬ್ಬಿಣದ ಗೂಟ ಹೊಡೆದು, ನಡುವಿನ ಅಂತರವನ್ನು ಟೇಪಿನಿಂದ ಅಳೆದು ಬರೆಯುತ್ತೇವೆ. ಬಿರುಕನ್ನು ಜೇಡಿಮಣ್ಣಿನಿಂದ ತುಂಬಿ, ಮೇ ಕೊನೆಯಲ್ಲಿ ಟಾರ್ಪಾಲು ಹೊದಿಸುತ್ತೇವೆ. 2019ರಲ್ಲಿ ಅಂತರ ಒಂದೂವರೆ ಇಂಚು ಹೆಚ್ಚಿತು, ಅನಂತರ ಬದಲಾಗಿಲ್ಲ.

ಚೀಲದ ವಿಷಯ ಹೆಚ್ಚಿಲ್ಲ. ಪಹಣಿ, ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಮಕ್ಕಳ ಅಂಕಪಟ್ಟಿಗಳು ಎರಡು ಪದರದ ಪ್ಲಾಸ್ಟಿಕ್ಕಿನಲ್ಲಿವೆ, ಪ್ರತಿಗಳು ಮೈಸೂರಿನಲ್ಲಿರುವ ನನ್ನ ತಮ್ಮನ ಮನೆಯಲ್ಲಿವೆ. ಪ್ರತಿ ಮೇ ತಿಂಗಳಲ್ಲಿ ಮನೆಯ ಒಳಹೊರಗಿನ ಫೋಟೋ ತೆಗೆದು ಅವನಿಗೆ ಕಳುಹಿಸುತ್ತೇನೆ, ಏಕೆಂದರೆ ಪರಿಹಾರದ ಅರ್ಜಿ ಹಾಕುವಾಗ ಮೊದಲು ಅಲ್ಲಿ ಏನಿತ್ತು ಎಂಬುದನ್ನು ತೋರಿಸಲು ನಮ್ಮ ಬಳಿ ಏನೂ ಉಳಿದಿರಲಿಲ್ಲ. ಅತ್ತೆಯವರ ಇನ್ಸುಲಿನ್ ಸಲುವಾಗಿ 2018ರಲ್ಲಿ ಬಹಳ ಪರದಾಡಿದೆವು. ಬಳಕೆಯಲ್ಲಿರುವ ಬಾಟಲಿಯನ್ನು ನಮ್ಮ ಮಳೆಗಾಲದ ತಂಪಿನಲ್ಲಿ ಫ್ರಿಜ್ ಇಲ್ಲದೆಯೂ ಕೆಲವು ವಾರ ಇಡಬಹುದೆಂದು ವೈದ್ಯರು ಆಮೇಲೆ ತಿಳಿಸಿದರು. ಈಗ ಹದಿನೈದು ದಿನದ ಔಷಧಿ, ಸಿರಿಂಜುಗಳು ಅವರದೇ ಚಿಕ್ಕ ಡಬ್ಬಿಯಲ್ಲಿರುತ್ತವೆ, ಅದನ್ನು ಅವರೇ ಹಿಡಿದುಕೊಳ್ಳುತ್ತಾರೆ. ಹೊರಡುವಾಗ ಗ್ಯಾಸಿನ ರೆಗ್ಯುಲೇಟರ್, ಮೇನ್ ಸ್ವಿಚ್ ಆರಿಸುವುದು, ದನಗಳ ಹಗ್ಗ ಬಿಚ್ಚುವುದು ದೊಡ್ಡ ಮಗನ ಕೆಲಸ.

ಲೈನ್ ಮನೆಯವರಿಗಾಗಿ ಮಾಡಿದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅಲ್ಲಿ ಈಗ ಎರವ ಬುಡಕಟ್ಟಿನ ಎರಡು ಕುಟುಂಬದವರು ಮತ್ತು ಅಸ್ಸಾಮಿನಿಂದ ಬಂದವರು ಇದ್ದಾರೆ. ಮೊಬೈಲಿಗೆ ಬರುವ ಕನ್ನಡದ ಎಚ್ಚರಿಕೆ ಎಲ್ಲರಿಗೂ ಅರ್ಥವಾಗುವುದಿಲ್ಲ. ಬೆಳಿಗ್ಗೆ ಕೆಲಸಕ್ಕೆ ಕರೆಯಲು ಕಣದ ಮೂಲೆಯಲ್ಲಿ ಒಂದು ಹಳಿಯ ತುಂಡು ನೇತುಹಾಕಿದ್ದೇವೆ. ಅದನ್ನು ನಿಲ್ಲಿಸದೆ ಬಾರಿಸಿದರೆ ಇದ್ದಂತೆಯೇ ಎದ್ದು ದಿಣ್ಣೆಗೆ ನಡೆಯಬೇಕು ಎಂದು ಗೊತ್ತುಮಾಡಿ, ಜೂನ್ ಮೊದಲ ವಾರದಲ್ಲಿ ಎಲ್ಲರೂ ಸೇರಿ ಒಮ್ಮೆ ನಡೆದು ನೋಡುತ್ತೇವೆ. ರಸ್ತೆಯನ್ನು ನಾವು ಲೆಕ್ಕಕ್ಕೇ ಇಟ್ಟುಕೊಂಡಿಲ್ಲ. 2018ರಲ್ಲಿ ಮಡಿಕೇರಿಯ ಕಡೆಗೂ ಮಾದಾಪುರದ ಕಡೆಗೂ ದಾರಿ ಕಡಿದುಹೋಗಿತ್ತು. ನಡೆಯುವ ದಾರಿ ಕೊಲ್ಲಿಯನ್ನು ಎಲ್ಲೂ ದಾಟದೆ ದಿಣ್ಣೆಯ ಬೆನ್ನಿನ ಮೇಲೇ ಸಾಗುತ್ತದೆ, ಮುಕ್ಕಾಲು ಗಂಟೆಯ ದಾರಿ. ಅವರ ಆಧಾರ್ ಕಾರ್ಡುಗಳ ಪ್ರತಿಯೂ ನಮ್ಮ ಚೀಲದಲ್ಲಿವೆ, ಹೊರಡುವ ಮುನ್ನ ಹೆಸರು ಕರೆದು ಎಣಿಸುವುದು ಯಜಮಾನರ ಕೆಲಸ.

2019ರ ಆಗಸ್ಟ್ 8ರಂದು ಮೂರು ದಿನದ ಲೆಕ್ಕ ಹನ್ನೆರಡು ಇಂಚು ನಲವತ್ತು ಸೆಂಟ್ ಆಯಿತು. ಮಧ್ಯಾಹ್ನ ಎರಡಕ್ಕೆ ಹಳಿ ಬಾರಿಸಿದೆವು, ನಾಲ್ಕಕ್ಕೆ ಮೊದಲೇ ನೆಂಟರ ಮನೆಯಲ್ಲಿದ್ದೆವು. ಆ ದಿನಗಳಲ್ಲಿ ವಿರಾಜಪೇಟೆಯ ಕಡೆ ತೋರ ಎಂಬಲ್ಲಿ ಗುಡ್ಡ ಕುಸಿದು ಜೀವಗಳು ಹೋದವು. ನಮ್ಮ ಬರೆ ಕುಸಿಯಲಿಲ್ಲ. ಐದು ದಿನದ ನಂತರ ಹಿಂದಿರುಗಿದಾಗ, ಸುಮ್ಮನೆ ಹೋದೆವಲ್ಲ ಎಂದು ಅತ್ತೆಯವರು ಬೇಸರಪಟ್ಟರು. 2020ರಲ್ಲಿ ತಲಕಾವೇರಿಯ ಗುಡ್ಡ ಕುಸಿದ ಸುದ್ದಿ ಬಂದ ದಿನ ನಾವು ಮತ್ತೆ ದಿಣ್ಣೆಯ ಮನೆಯಲ್ಲೇ ಇದ್ದೆವು, ಆಗ ಅವರು ಏನೂ ಹೇಳಲಿಲ್ಲ. 2024ರ ಜುಲೈನಲ್ಲಿ ನೆರೆಯ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ ನಡುರಾತ್ರಿಯ ಮೇಲೆ ಗುಡ್ಡ ಬಂದು ಮಲಗಿದ್ದವರನ್ನು ಕೊಂಡೊಯ್ದ ಮೇಲೆ, ಪುಸ್ತಕದ ಮೊದಲ ಪುಟ ತೆಗೆಸಿ, ‘ನಾಲ್ಕರ ಒಳಗೆ’ ಎಂದಿದ್ದನ್ನು ‘ಮೂರರ ಒಳಗೆ’ ಎಂದು ಬರೆಯಲು ಅವರೇ ಹೇಳಿದರು. ಈಗ ಅಲ್ಲಿ ಮೂರು ಎಂದೇ ಇದೆ.