‘ಟ್ರೆಂಟ್ಸ್ ಲಾಸ್ಟ್ ಕೇಸ್’ ಓದುವ ಬಗೆ

ಇ. ಸಿ. ಬೆಂಟ್ಲಿಯ ಈ ಪತ್ತೇದಾರಿ ಕಾದಂಬರಿ ಬಂದದ್ದು 1913ರಲ್ಲಿ. ಓದಬೇಕೆಂದಿದ್ದರೆ ಮೊದಲ ನಿಯಮ: ಕೊಲೆಗಾರ ಯಾರೆಂದು ಎಲ್ಲಿಯೂ ಹುಡುಕಬೇಡಿ, ಓದಿದವರನ್ನು ಕೇಳಲೂಬೇಡಿ. ಪ್ರಾಜೆಕ್ಟ್ ಗುಟೆನ್‌ಬರ್ಗ್ ಎಂಬ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಫೋನಿಗೆ ಇಳಿಸಿಟ್ಟುಕೊಂಡರೆ ನಮ್ಮ ನೀರ್ಚಾಲಿನ ಹಾಗೆ ಮಳೆಗೆ ಕರೆಂಟ್ ಹೋಗುವ ಊರಲ್ಲೂ ಓದು ನಿಲ್ಲುವುದಿಲ್ಲ.

ಮೊದಲ ಅಧ್ಯಾಯದಲ್ಲಿ ಅವಸರ ಬೇಡ. ಅಮೆರಿಕದ ಕೋಟ್ಯಧೀಶ ಮ್ಯಾಂಡರ್ಸನ್ ಇಂಗ್ಲೆಂಡಿನ ಕಡಲತೀರದ ತನ್ನ ಮನೆಯ ಆವರಣದಲ್ಲಿ ಗುಂಡೇಟಿಗೆ ಸತ್ತು ಬಿದ್ದಿದ್ದಾನೆ. ಶೇರು ಪೇಟೆ ಅಲ್ಲೋಲಕಲ್ಲೋಲವಾಗುತ್ತದೆ, ಅಳುವವರು ಮಾತ್ರ ಯಾರೂ ಇಲ್ಲ. ಆ ಚುರುಕು ವ್ಯಂಗ್ಯ ಹಿಡಿದರೆ ಇಡೀ ಪುಸ್ತಕದ ದನಿ ಹಿಡಿದಂತೆ.

ಒಂದು ಹಾಳೆಯಲ್ಲಿ ಮನೆಯವರ ಹೆಸರು ಬರೆದಿಡಿ: ಹೆಂಡತಿ ಮೇಬಲ್, ಕಾರ್ಯದರ್ಶಿಗಳಾದ ಮಾರ್ಲೊ ಮತ್ತು ಬನ್ನರ್, ಬಟ್ಲರ್ ಮಾರ್ಟಿನ್, ಮೇಬಲ್‌ಳ ಬಂಧು ಹಿರಿಯ ಕಪಲ್ಸ್. ಇನ್ನೊಂದರಲ್ಲಿ ಹೆಣ ಇದ್ದ ಸ್ಥಿತಿ. ಬಟ್ಟೆ ತೊಟ್ಟು ಹೊರಗೆ ಬಂದವನು ಕಟ್ಟಿಸಿದ ಹಲ್ಲನ್ನು ಕೋಣೆಯಲ್ಲೇ ಬಿಟ್ಟಿದ್ದಾನೆ. ಅಡಿಕೆ ಸುಲಿಯುತ್ತ ಕೂತಿದ್ದ ಅಮ್ಮನಿಗೆ ಇದನ್ನು ಕನ್ನಡದಲ್ಲಿ ಓದಿ ಹೇಳಿದಾಗ ಅವಳ ಕೈ ನಿಂತಿತು. “ಹಲ್ಲಿನ ಸೆಟ್ಟು ಹಾಕದೆ ನಾನು ಅಂಗಳಕ್ಕೂ ಇಳಿಯುವುದಿಲ್ಲ. ಇದರಲ್ಲಿ ಏನೋ ಉಂಟು ಮಗಾ” ಎಂದಳು. ಹೀಗೆ ಯಾರಿಗಾದರೂ ಗಟ್ಟಿಯಾಗಿ ಓದಿ ಹೇಳಿ. ಅನುಭವಸ್ಥರ ಕಿವಿಗೆ ಸುಳಿವು ಬೇಗ ತಾಗುತ್ತದೆ.

ಟ್ರೆಂಟ್ ಚಿತ್ರಕಾರ, ಪತ್ರಿಕೆಯೊಂದರ ಪರವಾಗಿ ತನಿಖೆಗೆ ಬಂದವನು. ಮಾತುಮಾತಿಗೆ ಕವಿತೆಯ ಸಾಲು ಎಸೆಯುತ್ತಾನೆ. ಪ್ರತಿಯೊಂದರ ಮೂಲ ಹುಡುಕುತ್ತ ನಿಲ್ಲಬೇಡಿ. ತಾಳಮದ್ದಳೆಯಲ್ಲಿ ಅರ್ಥಧಾರಿಯ ಚಾಟೂಕ್ತಿ ಕೇಳುವ ಹಾಗೆ ಕೇಳುತ್ತ ಹೋಗಿ. ಇನ್‌ಸ್ಪೆಕ್ಟರ್ ಮರ್ಚ್ ಜೊತೆಗಿನ ಅವನ ಸ್ನೇಹದ ಪೈಪೋಟಿ ನನಗೆ ಬಹಳ ಇಷ್ಟ.

ಏಳನೆಯ ಅಧ್ಯಾಯದಲ್ಲಿ ಕಡಲ ದಂಡೆಯ ಎತ್ತರದ ಮೇಲೆ ಕಪ್ಪುಡುಗೆಯ ಮೇಬಲ್ ಅವನ ಕಣ್ಣಿಗೆ ಬೀಳುತ್ತಾಳೆ. ಪ್ರೇಮವೆಂದು ಪುಟ ಹಾರಿಸುವವರು ಮುಖ್ಯವಾದದ್ದನ್ನೇ ಕಳೆದುಕೊಳ್ಳುತ್ತಾರೆ. ಬೆಂಟ್ಲಿಗೆ ಬೇಕಾಗಿದ್ದದ್ದು ಎಂದೂ ತಪ್ಪದ ಪತ್ತೇದಾರನಲ್ಲ, ಮನಸ್ಸು ಸೋಲಬಲ್ಲ ಮನುಷ್ಯ. ಅವನ ತರ್ಕ ಓದುವಾಗಲೆಲ್ಲ ಅವನ ಎದೆಯ ಮೇಲೂ ಒಂದು ಕಣ್ಣಿರಲಿ.

ಹನ್ನೊಂದನೆಯ ಅಧ್ಯಾಯದಲ್ಲಿ ಟ್ರೆಂಟ್ ಇಡೀ ಪ್ರಕರಣವನ್ನು ಬಿಡಿಸಿ ಬರೆದುಬಿಡುತ್ತಾನೆ. ಆದರೆ ಮುಂದೆ ಇನ್ನೂ ಐದು ಅಧ್ಯಾಯ ಇವೆ! ಅಲ್ಲಿ ಒಂದು ರಾತ್ರಿ ನಿಲ್ಲಿಸಿ, ನಿಮ್ಮ ತೀರ್ಪನ್ನು ಹಾಳೆಯಲ್ಲಿ ಬರೆದಿಡಿ. ಕೊನೆಯ ಅಧ್ಯಾಯವನ್ನು ಊಟ ಮುಗಿಸಿಯೇ ತೆರೆಯಿರಿ. ನಡುವೆ ಎದ್ದು ಹೋಗಲು ಅದು ಬಿಡುವುದಿಲ್ಲ.